ಮೂವತ್ತೆರಡರ ಊಜಿಮಲ್ಲಿಗೆ

ಆಗ ನನಗೆ ಅರವತ್ತೊಂದು. ಈಗ ಎಪ್ಪತ್ತೆರಡು. ಹನ್ನೊಂದು ವರ್ಷದ ಹಿಂದಿನ ಆಷಾಢದ ಮಾತು ಇದು. ಮೊನ್ನೆ ಶಿಡ್ಲಘಟ್ಟದಲ್ಲಿ ಬಸ್ಸಿಳಿದು ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನಡೆಯುತ್ತಿದ್ದೆ. ಬೆಂದ ರೇಷ್ಮೆ ಗೂಡಿನ ನಾತ ಮೂಗಿಗೆ ಬಡಿಯಿತು. ಹೊಸಬರಾದರೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ನಗು ಬಂತು. ನಡುರಸ್ತೆಯಲ್ಲಿ ನಿಂತು ನಕ್ಕೆ. ಜೊತೆಯಲ್ಲಿದ್ದ ಮಗಳು, "ಯಾಕಮ್ಮಾ, ಏನಾಯ್ತು?" ಎಂದಳು. "ಊಜಿಮಲ್ಲಿಗೆ" ಎಂದೆ. ಅವಳೂ ನಕ್ಕಳು.

ನಾನು ಓದಿದವಳಲ್ಲ. ಬಸ್ಸಿನ ಬೋರ್ಡನ್ನು ಕೂಡಿಸಿ ಓದುವಷ್ಟು ಅಕ್ಷರ ಬರುತ್ತದೆ, ಅದೂ ಬಸ್ಸು ನಿಂತಿದ್ದರೆ. ಆದರೆ ಅಂಕಿ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಶಿಡ್ಲಘಟ್ಟದ ಒಂದು ಬಿಚ್ಚಾಣಿಕೆ ಶೆಡ್ಡಿನಲ್ಲಿ ಕೆಲಸ ಮಾಡಿದವಳು ನಾನು. ಬಿಸಿನೀರಿನ ತೊಟ್ಟಿಯಲ್ಲಿ ಗೂಡು ತೇಲುತ್ತವೆ. ಒಂದೊಂದರಿಂದ ಒಂದೊಂದು ಎಳೆ ಹಿಡಿದು, ಆರೋ ಏಳೋ ಎಳೆ ಸೇರಿಸಿ, ಒಂದು ನೂಲು ಮಾಡಿ ಮೇಲೆ ಸುತ್ತುವ ರಾಟೆಗೆ ಬಿಡಬೇಕು. ಎಳೆ ಕಡಿಮೆ ಸೇರಿಸಿದರೆ ಸಣ್ಣ ನೂಲು, ಹೆಚ್ಚು ಸೇರಿಸಿದರೆ ದಪ್ಪ ನೂಲು. ಅದಕ್ಕೆ ನಂಬರ್ ಇದೆ, ಡೆನಿಯರ್ ಎನ್ನುತ್ತಾರೆ. ಹದಿಮೂರು–ಹದಿನೈದು ಎಂದರೆ ನಯ. ಇಪ್ಪತ್ತು–ಇಪ್ಪತ್ತೆರಡು ಎಂದರೆ ಅದಕ್ಕಿಂತ ದಪ್ಪ. ಅದಕ್ಕೂ ಮೇಲೆ ಹೋದರೆ ಗೋಣಿ ಹೊಲಿಯಬೇಕು ಎಂದು ನಾವು ತಮಾಷೆ ಮಾಡುತ್ತಿದ್ದೆವು. ನಂಬರ್ ಕಮ್ಮಿ ಆದಷ್ಟೂ ಮಾಲು ಮೇಲು. ಇಷ್ಟು ಗೊತ್ತಿರಬೇಕು, ಇಲ್ಲದಿದ್ದರೆ ಮುಂದೆ ನಾನು ಮಾಡಿದ್ದು ಏನೆಂದು ತಿಳಿಯುವುದಿಲ್ಲ.

ನನ್ನ ಅಕ್ಕ ವೆಂಕಟಮ್ಮ ಚಿಂತಾಮಣಿ ಕಡೆ, ಅಂಬಾಜಿದುರ್ಗದ ಬುಡದ ಹಳ್ಳಿಯಲ್ಲಿದ್ದಳು. ಮದುವೆಯ ಹಾಡಿಗೆ ಅವಳ ಹೆಸರು ಹತ್ತೂರಿಗೆ ಗೊತ್ತಿತ್ತು. ನಮ್ಮ ಕಡೆ ಹೆಣ್ಣಿನವರೂ ಗಂಡಿನವರೂ ಎದುರುಬದುರು ಕೂತು ಬೀಗರ ಹಾಡು ಹಾಡುತ್ತಾರೆ. ಇವರೊಂದು, ಅವರೊಂದು. ಹಾಡಿದ್ದನ್ನು ಮತ್ತೆ ಹಾಡುವಂತಿಲ್ಲ. ಯಾರ ಹಾಡು ಮೊದಲು ಮುಗಿಯುತ್ತದೋ ಅವರು ಸೋತರು. ನಮ್ಮ ಮನೆತನದಲ್ಲಿ ಇದಕ್ಕೊಂದು ಪಂದ್ಯವಿದೆ: ಸೋತ ಕಡೆಯ ದೊಡ್ಡ ಹೆಂಗಸು ಗೆದ್ದವರ ಊಟದ ಎಂಜಲೆಲೆ ಎತ್ತಬೇಕು. ಕೆಲಸದವರಿದ್ದರೂ ಅವಳೇ ಎತ್ತಬೇಕು. ಅಕ್ಕ ನಲವತ್ತು ವರ್ಷ ಹಾಡಿದಳು, ಒಂದು ಎಲೆಯನ್ನೂ ಎತ್ತಿರಲಿಲ್ಲ.

ಆ ವರ್ಷ ಅವಳ ಮೊಮ್ಮಗಳು ಪುಷ್ಪಳ ಮದುವೆ ಶ್ರಾವಣಕ್ಕೆ ಗೊತ್ತಾಗಿತ್ತು. ಗಂಡಿನವರು ಗೌರಿಬಿದನೂರಿನವರು. ಗಂಡಿನ ಅಜ್ಜಿ ಲಕ್ಷ್ಮೀದೇವಮ್ಮ ಎಂಬಾಕೆ ಹಾಡಿಗೆ ಕೂತರೆ ಎದ್ದವಳೇ ಅಲ್ಲ ಎಂದು ಸುದ್ದಿ ಬಂತು. ಇತ್ತ ಅಕ್ಕನ ಬಾಯಲ್ಲಿ ಒಂದು ಹಲ್ಲಿಲ್ಲ, ಎದೆಯಲ್ಲಿ ದಮ್ಮಿಲ್ಲ. ಎರಡು ಸಾಲು ಹಾಡಿದರೆ ಕೆಮ್ಮು. ಆಷಾಢದ ಮೊದಲ ವಾರ ಫೋನ್ ಮಾಡಿದಳು.

"ಲೇ ಚೌಡಿ, ಈ ಸಲ ನೀನೇ ಹಾಡಬೇಕು."

"ನಾನಾ? ನನಗೇನೂ ಬರಲ್ಲ."

"ಬರಲ್ಲ ಅಂತ ಗೊತ್ತು. ಕಲಿ. ಎಪ್ಪತ್ತು ವರ್ಷಕ್ಕೆ ನನ್ನ ಕೈಲಿ ಎಂಜಲೆಲೆ ಎತ್ತಿಸ್ತೀಯೇನೇ?"

ನಾನು ಹಾಡಿದವಳೇ ಅಲ್ಲ. ತೊಟ್ಟಿಯ ಮುಂದೆ ಕೂತು ಹಾಡಿದರೆ ಕಣ್ಣು ಎಳೆಯ ಮೇಲಿರುವುದಿಲ್ಲ, ನೂಲು ಹರಿಯುತ್ತದೆ. ಆದರೂ ಹೂಂ ಎಂದೆ. ಅಕ್ಕ ಬೇಡಿದ್ದಲ್ಲ, ಬೈದದ್ದು. ಬೇಡಿದ್ದರೆ ಇಲ್ಲ ಎನ್ನುತ್ತಿದ್ದೆನೋ ಏನೋ.

ಭಾವ ಬದುಕಿದ್ದಾಗ ಎಲ್ಲಿಂದಲೋ ಒಂದು ಟೇಪ್ ರೆಕಾರ್ಡರ್ ತಂದು ಅಕ್ಕನ ಹಾಡನ್ನೆಲ್ಲ ಹಿಡಿದಿಟ್ಟಿದ್ದರು. ದೊಡ್ಡ ಕ್ಯಾಸೆಟ್ಟು ನಾಲ್ಕು, ಒಂದೊಂದೂ ಒಂದೂವರೆ ಗಂಟೆ. ನಲವತ್ತೊಂದು ಹಾಡು, ಜೊತೆಗೆ ಹಿತ್ತಲಿನ ಕೋಳಿ. ಕ್ಯಾಸೆಟ್ ಹಾಕುವ ಸೆಟ್ಟು ಸತ್ತು ಎಷ್ಟೋ ವರ್ಷವಾಗಿತ್ತು. ನನ್ನ ಬಳಿ ಇದ್ದದ್ದು ಮಗಳು ಬಿಟ್ಟುಕೊಟ್ಟ ಗುಂಡಿ ಒತ್ತುವ ಫೋನು. ಒಂದು ಸಲ ಬಿಸಿನೀರಿನ ತೊಟ್ಟಿಗೆ ಬಿದ್ದು, ಒಂದು ದಿನ ಅಕ್ಕಿ ಡಬ್ಬದಲ್ಲಿ ಮಲಗಿ, ಎದ್ದು ಬಂದಿತ್ತು. ಅಂಥದ್ದನ್ನು ಬಿಟ್ಟು ಬೇರೆ ಫೋನು ನನಗೆ ಬೇಡ. ಅದಕ್ಕೆ ಉಗುರಿನಷ್ಟು ಮೆಮೊರಿ ಕಾರ್ಡು ಹಾಕಿ ಹಾಡು ತುಂಬಿಸಿಕೊಂಡರೆ ಕೆಲಸ ಮಾಡುತ್ತಲೇ ಕಿವಿಯಲ್ಲಿ ಕೇಳಬಹುದು ಎಂದು ಮಗಳೇ ಹೇಳಿಕೊಟ್ಟಳು.

ಕ್ಯಾಸೆಟ್ಟನ್ನು ಅಕ್ಕನಿಂದ ತರಿಸಿಕೊಂಡು ಬಸ್ ನಿಲ್ದಾಣದ ಹತ್ತಿರದ ಅಫ್ಸರ್ ಅಂಗಡಿಗೆ ಹೋದೆ. ಮೊದಲು ಕ್ಯಾಸೆಟ್ ಮಾರುತ್ತಿದ್ದವನು, ಆಮೇಲೆ ಸಿ.ಡಿ., ಆಮೇಲೆ ಮೊಬೈಲ್ ರಿಪೇರಿ, ಕಾರ್ಡಿಗೆ ಹಾಡು ತುಂಬುವುದು. ಗಡ್ಡ ಅರ್ಧ ನೆರೆತಿತ್ತು. ಹಳೆಯ ಸೆಟ್ಟೊಂದನ್ನು ಧೂಳು ಕೊಡವಿ ಇಳಿಸಿ, ಕಂಪ್ಯೂಟರಿಗೆ ವೈರು ಸಿಕ್ಕಿಸಿದ. ನಾಲ್ಕು ಕ್ಯಾಸೆಟ್ಟೂ ಪೂರ್ತಿ ಓಡಲೇಬೇಕಂತೆ, ಬೇಗ ಮಾಡುವ ಹಾಗಿಲ್ಲವಂತೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅಕ್ಕನ ಗಂಟಲು ಬಸ್ ನಿಲ್ದಾಣಕ್ಕೆಲ್ಲ ಕೇಳಿತು. ಚಹಾ ಕುಡಿಯಲು ಬಂದ ಕಂಡಕ್ಟರು, "ಯಾರ ಮದುವೆ ಅಫ್ಸರಣ್ಣಾ?" ಎಂದು ಕೇಳಿ ಹೋದ.

ಎಲ್ಲ ಆದ ಮೇಲೆ ಅಫ್ಸರ್ ಕೇಳಿದ. "ಅಮ್ಮಾ, ನಂಬರ್ ಎಷ್ಟಕ್ಕೆ ಹಾಕ್ಲಿ?"

"ನಂಬರ್ ಅಂದ್ರೆ?"

"ಹಾಡು ಒತ್ತಿ ಚಿಕ್ಕದು ಮಾಡೋ ನಂಬರ್. ನೂರಿಪ್ಪತ್ತೆಂಟು ಇದೆ, ಅರವತ್ನಾಲ್ಕು ಇದೆ, ಮೂವತ್ತೆರಡು ಇದೆ. ನಿಮ್ದು ಪುಟ್ಟ ಕಾರ್ಡು. ದೊಡ್ಡ ಕಾರ್ಡು ಹಾಕಿದ್ರೆ ಈ ಫೋನು ಬಾಯೇ ತೆರೆಯಲ್ಲ. ನೂರಿಪ್ಪತ್ತೆಂಟಕ್ಕೆ ಹಾಕಿದ್ರೆ ಎರಡೂವರೆ ಕ್ಯಾಸೆಟ್ಟಿಗೇ ತುಂಬೋಗುತ್ತೆ."

"ಮೂವತ್ತೆರಡಕ್ಕಿಂತ ಕಮ್ಮಿ ಇಲ್ವಾ?"

ಅವನು ನನ್ನ ಮುಖ ನೋಡಿದ. "ಅಯ್ಯೋ, ಅದೇ ಕಮ್ಮಿ ಅಮ್ಮಾ. ಅದು ಮಾತಿಗೆ, ಹಾಡಿಗಲ್ಲ."

"ಅಫ್ಸರ್, ನೀನು ಮೊಬೈಲ್ ರಿಪೇರಿ ಮಾಡೋನು. ನಂಬರ್ ವಿಷಯ ನನಗೆ ಹೇಳಿಕೊಡಬೇಡ. ನಂಬರ್ ಕಮ್ಮಿ ಆದಷ್ಟೂ ನಯ. ಮೂವತ್ತೆರಡಕ್ಕೆ ಹಾಕು."

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಅವನು ಕೈ ಮೇಲೆತ್ತಿ, "ನಿಮ್ಮಿಷ್ಟ" ಎಂದ. ಮೂವತ್ತೆರಡಕ್ಕೆ ಹಾಕಿದ.

ಆ ಆಷಾಢ ಗಾಳಿಯದು. ಶೆಡ್ಡಿನ ತಗಡು ದಿನವಿಡೀ ಪಟಪಟ ಬಡಿಯುತ್ತಿತ್ತು. ಜಡಿಮಳೆಗೆ ಗೂಡು ಸರಿಯಾಗಿ ಒಣಗದೆ ಎಳೆ ಮತ್ತೆ ಮತ್ತೆ ಹರಿಯುತ್ತಿತ್ತು. ನಾನು ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿ, ವೈರನ್ನು ಕಿವಿಗೆ ತುರುಕಿ ಕೂತೆ. ಅಕ್ಕ ಬಾವಿಯೊಳಗೆ ಕೂತು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಾಡಿದ ಹಾಗೆ ಕೇಳಿಸಿತು. ಕೋಳಿ ಕೂಗಿದರೆ ತಗಡು ಕೆರೆದ ಹಾಗೆ. ಹಳೆಯ ಕ್ಯಾಸೆಟ್ಟಲ್ಲವೇ, ಅದಕ್ಕೇ ಎಂದುಕೊಂಡೆ. ನಯವಾದ ಮಾಲು, ಕಿವಿಗೆ ಅಭ್ಯಾಸವಾಗಬೇಕು ಎಂದುಕೊಂಡೆ. ದಿನಕ್ಕೆ ಎರಡು ಹಾಡಿನ ಲೆಕ್ಕದಲ್ಲಿ ಕಲಿತೆ. ಮೊದಲು ಬಾಯೊಳಗೆ, ಆಮೇಲೆ ಜೋರಾಗಿ. ಕಿವಿಯಲ್ಲಿ ವೈರಿದ್ದರೆ ನಮ್ಮ ಗಂಟಲು ಎಷ್ಟು ಜೋರು ಎಂದು ನಮಗೇ ತಿಳಿಯುವುದಿಲ್ಲ. ಪಕ್ಕದ ತೊಟ್ಟಿಯ ರತ್ನಮ್ಮ, "ಚೌಡಕ್ಕಾ, ಹುಳ ಬೆಂದಿದೆ, ಇನ್ನೂ ಯಾಕೆ ಹೆದರಿಸ್ತೀಯ?" ಎಂದಳು. ಎರಡು ವಾರ ಕಳೆದ ಮೇಲೆ ಅವಳೇ ನನ್ನ ಜೊತೆ ಕೂಡಿಸಿ ಹಾಡತೊಡಗಿದಳು. ಆಮೇಲೆ ಇಡೀ ಸಾಲು. ನೂಲು ಹರಿಯಿತು, ಮೇಸ್ತ್ರಿ ಬೈದ, ನಾವು ನಕ್ಕೆವು. ಮೂವತ್ತು ವರ್ಷ ಆ ಶೆಡ್ಡಿನಲ್ಲಿ ಅಷ್ಟು ನಕ್ಕಿರಲಿಲ್ಲ.

ಮದುವೆಗೆ ಹದಿನೇಳು ದಿನ ಇದ್ದಾಗ ಅಕ್ಕನಿಗೆ ಒಪ್ಪಿಸಲು ಹೋದೆ. ಅವಳು ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದಳು. ಪುಷ್ಪ ಕೈಗೆ ಮದರಂಗಿಯ ಮಾದರಿ ಬರೆದುಕೊಳ್ಳುತ್ತಿದ್ದಳು. ಬೀಗಿತ್ತಿ ಒಳಗೆ ಬರುವಾಗ ಹಾಡುವ ಮೊದಲ ಹಾಡನ್ನೇ ಎತ್ತಿಕೊಂಡೆ.

ಊಜಿಮಲ್ಲಿಗೆ ಮುಡಿದು ಹೀರೆ ನೆರಿಗೆ ಹಿಡಿದು
ಉಣ್ಣಕೆ ಕೈಯ ಚಾಚ್ಯಾಳೆ ಬೀಗಿತ್ತಿ

ಅಕ್ಕ ಬೊಚ್ಚು ಬಾಯಿ ತೆರೆದಳು. ಪುಷ್ಪ ಕೈಯಲ್ಲಿದ್ದುದನ್ನು ಬೀಳಿಸಿದಳು. ಆಮೇಲೆ ಅಕ್ಕ ನಕ್ಕಳು ನೋಡಿ, ಕೆಮ್ಮು ಬಂದು, ನೀರು ಕುಡಿಸಿ, ಬೆನ್ನು ಸವರಿ, ಮತ್ತೆ ನಕ್ಕಳು.

"ಊಜಿ ಯಾಕೆ ಮುಡಿಸಿದ್ಯೇ ಅವಳ ತಲೆಗೆ?"

ಊಜಿ ಎಂದರೆ ರೇಷ್ಮೆ ಹುಳದ ಮೇಲೆ ಕೂತು ಮೊಟ್ಟೆ ಇಟ್ಟು ಬೆಳೆ ಹಾಳು ಮಾಡುವ ನೊಣ. ಹುಳ ಸಾಕುವ ಮನೆಗೆಲ್ಲ ಅದಕ್ಕೆಂದೇ ಬಲೆ ಕಟ್ಟಿರುತ್ತಾರೆ. ಅದರ ಹೆಸರಿನ ಮಲ್ಲಿಗೆಯೂ ಇರಬಹುದು ಎಂದುಕೊಂಡಿದ್ದೆ. ರೇಷ್ಮೆಯವರ ಹಾಡಲ್ಲವೇ.

"ನೀನೇ ಹಂಗೆ ಹಾಡಿದ್ದೀಯ" ಎಂದೆ.

"ನಾನು ಹಾಡಿದ್ದು ಹೂಜಿಮಲ್ಲಿಗೆ ಕಣೇ. ಹೂಜಿ!"

"ಹೂಜಿ ಅಂದ್ರೆ ನೀರಿಂದಲ್ವಾ?"

"ಹೂಜಿ ಅಲ್ವೇ, ಹೂ... ಹೂ... ಥೂ, ಈ ಹಲ್ಲು! ಪುಷ್ಪಾ, ನೀ ಹೇಳಮ್ಮ."

"ಸೂಜಿಮಲ್ಲಿಗೆ, ಚಿಕ್ಕಜ್ಜಿ" ಎಂದಳು ಪುಷ್ಪ. "ಹೀರೆ ಅಲ್ಲ, ಸೀರೆ. ಉಣ್ಣಕೆ ಅಲ್ಲ, ಸುಣ್ಣಕೆ. ಎಲೆ ಅಡಿಕೆಗೆ ಸುಣ್ಣ ಕೇಳ್ತಾಳೆ ಬೀಗಿತ್ತಿ."

ಮನೆಗೆ ಬರುವ ಬೀಗಿತ್ತಿಗೆ ನೊಣ ಮುಡಿಸಿ, ಹೀರೆಕಾಯಿ ಉಡಿಸಿ, ಊಟಕ್ಕೆ ಬಾಯಿ ಬಿಡುವವಳು ಎಂದು ಹೊಸಿಲಿನಲ್ಲೇ ಹಾಡಲು ಹೊರಟಿದ್ದೆ. ಒಂದಲ್ಲ, ನಲವತ್ತೊಂದು ಹಾಡಿನಲ್ಲೂ ಸಕಾರವೆಲ್ಲ ಉದುರಿತ್ತು. ಪುಷ್ಪ ನನ್ನ ಫೋನನ್ನು ಕಿವಿಗಿಟ್ಟುಕೊಂಡು ಕೇಳಿದಳು. "ಚಿಕ್ಕಜ್ಜೀ, ಇದನ್ನ ಎಷ್ಟಕ್ಕೆ ಹಾಕಿಸಿದ್ರಿ?" ಎಂದಳು. "ಮೂವತ್ತೆರಡು" ಎಂದೆ.

"ಏ, ಮೂವತ್ತೆರಡೂ ಉದುರಿರೋದು ನನ್ನ ಬಾಯಲ್ಲಿ ಕಣೇ" ಎಂದಳು ಅಕ್ಕ. "ನಿನ್ನ ಫೋನಿಗೇನಾಯ್ತು?" ಆಮೇಲೆ ನಗು ನಿಲ್ಲಿಸಿ, ಬಾಗಿಲ ಕಡೆ ನೋಡುತ್ತಾ ಕೇಳಿದಳು. "ಹದಿನೇಳು ದಿನದಲ್ಲಿ ಆಗ್ತದೇನೇ? ಇಲ್ಲಾಂದ್ರೆ ಈಗಲೇ ಹೇಳು. ಎಲೆ ಎತ್ತೋಕೆ ಬಗ್ಗೋದು ಅಭ್ಯಾಸ ಮಾಡ್ಕೊಳ್ತೀನಿ."

ಮಧ್ಯಾಹ್ನದ ಬಸ್ಸಿಗೇ ಶಿಡ್ಲಘಟ್ಟಕ್ಕೆ ವಾಪಸ್ ಬಂದೆ.

"ಹೇಳಿದ್ನಲ್ಲಮ್ಮಾ" ಎಂದ ಅಫ್ಸರ್. ನಾನು ಡೆನಿಯರ್ ಲೆಕ್ಕ ಹೇಳಿದ ಮೇಲೆ ತಲೆ ಚಚ್ಚಿಕೊಂಡು ನಕ್ಕ. ಅವನ ಅಪ್ಪನೂ ಬಿಚ್ಚಾಣಿಕೆಯವನೇ. "ಇಲ್ಲಿ ಉಲ್ಟಾ ಅಮ್ಮಾ. ಈ ನಂಬರ್ ಅಂದ್ರೆ ಎಷ್ಟು ಎಳೆ ಸೇರಿಸಿದ್ದೀವಿ ಅಂತ. ಕಮ್ಮಿ ಸೇರಿಸಿದ್ರೆ ಹಾಡೇ ಹರೀತದೆ. ಮೊದಲು ಹೋಗೋದು ಸಣ್ಣ ಸದ್ದು. ಬಳೆ, ಉಸಿರು, ಈ ಸ, ಶ ಎಲ್ಲ."

"ಹಂಗಾದ್ರೆ ಇದನ್ನೇ ನೂರಿಪ್ಪತ್ತೆಂಟು ಮಾಡು."

"ಹೋಗಿದ್ದು ವಾಪಸ್ ಬರಲ್ಲಮ್ಮಾ."

ಅದು ನನಗೆ ತಿಳಿಯಿತು. ಬಿಚ್ಚಿದ ನೂಲನ್ನು ಮತ್ತೆ ಸುತ್ತಿ ಗೂಡು ಮಾಡಲು ನನ್ನ ಕೈಲೂ ಆಗುವುದಿಲ್ಲ. ಪುಣ್ಯಕ್ಕೆ ಅವನು ಅಸಲನ್ನು ಅಳಿಸಿರಲಿಲ್ಲ. ಕ್ಯಾಸೆಟ್ಟಿನಿಂದ ಹಿಡಿದದ್ದು ಒತ್ತದೆ ಹಾಗೇ ಅವನ ಕಂಪ್ಯೂಟರಿನಲ್ಲಿತ್ತು. ಆದರೆ ಕಾರ್ಡು ಅದೇ ಪುಟ್ಟದು. ನೂರಿಪ್ಪತ್ತೆಂಟಕ್ಕೆ ಹಾಕಿದರೆ ಹದಿನಾರು ಹಾಡು ಹೊರಗೆ. ಸಕಾರ ಬೇಕೆಂದರೆ ಹಾಡು ಕಮ್ಮಿ, ಹಾಡು ಬೇಕೆಂದರೆ ಸಕಾರ ಇಲ್ಲ. ಲಕ್ಷ್ಮೀದೇವಮ್ಮನ ಎದುರು ಇಪ್ಪತ್ತೈದು ಹಾಡು ಇಟ್ಟುಕೊಂಡು ಕೂರುವುದೂ ಒಂದೇ, ಈಗಲೇ ಹೋಗಿ ಎಲೆ ಎತ್ತುವುದೂ ಒಂದೇ.

"ಇನ್ನೊಂದು ಜಾತಿ ಇದೆ, ಕಮ್ಮಿ ಜಾಗದಲ್ಲಿ ಚೆನ್ನಾಗಿ ಕೂರ್ತದೆ. ನಿಮ್ಮ ಫೋನು ಅದನ್ನ ಮುಟ್ಟಲ್ಲ. ಎಂಪಿತ್ರೀ ಒಂದೇ ತಿನ್ನೋದು" ಎಂದ ಅಫ್ಸರ್. "ಅರವತ್ನಾಲ್ಕಕ್ಕೆ ಹಾಕಿದ್ರೆ ನಾಲ್ಕೂ ಕ್ಯಾಸೆಟ್ ಹಿಡೀತದೆ. ಆದ್ರೆ ಅದು ಎಡಗಿವಿಗೆ ಅರ್ಧ, ಬಲಗಿವಿಗೆ ಅರ್ಧ ಹಂಚಿಹೋಗ್ತದೆ. ಸ ಸ್ವಲ್ಪ ಸವೆದೇ ಬರ್ತದೆ."

"ಎಡಗಿವಿಗೆ ಯಾರು ಹಾಡ್ತಾರೆ?"

"ನಿಮ್ಮಕ್ಕ."

"ಬಲಗಿವಿಗೆ?"

"ಅವರೇ."

"ಮತ್ತೆ ಹಂಚೋದು ಯಾಕಪ್ಪಾ? ಹಾಡಿದೋಳು ಒಬ್ಳು. ಬಾಯಿ ಒಂದು. ನಮ್ಮ ಭಾವನ ಟೇಪಿಗೆ ಇದ್ದ ಮೈಕೂ ಒಂದೇ. ಒಂದೇ ನೂಲು ಮಾಡಿ ಎರಡು ಕಿವಿಗೂ ಅದನ್ನೇ ಬಿಡು."

ಅಫ್ಸರ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಮೋನೋ!" ಎಂದ. "ಯಾ ಅಲ್ಲಾ, ಸಿನಿಮಾ ಹಾಡು ತುಂಬಿ ತುಂಬಿ ತಲೆ ಕೆಟ್ಟೋಗಿತ್ತು. ಇದು ಮೋನೋ ಅಲ್ವಾ!" ಕುರ್ಚಿ ಎಳೆದುಕೊಂಡು ಕೂತ. ಅರವತ್ನಾಲ್ಕನ್ನು ಹಂಚದೆ ಪೂರ್ತಿ ಒಂದಕ್ಕೇ ಕೊಟ್ಟ. ಕಾರ್ಡಿಗೆ ಹಾಕಿ ವೈರನ್ನು ನನ್ನ ಕಿವಿಗೆ ಕೊಟ್ಟ. ಅಕ್ಕ ಬಾವಿಯಿಂದ ಎದ್ದು ಬಂದಿದ್ದಳು. ಸೂಜಿಮಲ್ಲಿಗೆ. ಸೀರೆ. ಸುಣ್ಣ. ಸಾಲಿನ ಕೊನೆಗೆ ಬಳೆ ಸರಿಸಿಕೊಳ್ಳುವ ಸದ್ದು. ನಲವತ್ತೊಂದೂ ಹಿಡಿದಿತ್ತು, ಇನ್ನೂ ಚೂರು ಜಾಗ ಮಿಕ್ಕಿತ್ತು.

ಕಲಿತದ್ದನ್ನು ಮರೆತು ಮತ್ತೆ ಕಲಿಯುವುದು ಕಷ್ಟ. ನಾಲಿಗೆ ಊಜಿಗೇ ಹೋಗುತ್ತಿತ್ತು. ಶೆಡ್ಡಿನ ಹೆಂಗಸರಿಗೂ ಹಳೆಯದೇ ಬಾಯಿಗೆ ಹತ್ತಿತ್ತು, ಅವರು ಬಿಡಲೇ ಇಲ್ಲ. ನಾನು ಸೂಜಿ ಎಂದರೆ ಅವರು ಊಜಿ ಎಂದು ಕೂಗುವುದು. ಹದಿನೇಳು ದಿನ ಹೀಗೇ ನಡೆಯಿತು.

ಮದುವೆ ಚಿಕ್ಕಬಳ್ಳಾಪುರದ ಛತ್ರದಲ್ಲಿ. ಮಳೆ ಬಿಟ್ಟು ಬಿಸಿಲು ಬಂದಿತ್ತು. ಲಕ್ಷ್ಮೀದೇವಮ್ಮ ಎತ್ತರದ ಹೆಂಗಸು, ನನಗಿಂತ ಎರಡು ವರ್ಷ ದೊಡ್ಡವಳು, ಧ್ವನಿ ಕಂಚಿನ ತಟ್ಟೆ. ಅವಳು ಬಾಗಿಲಿಗೆ ಬಂದಾಗ ಸೂಜಿಮಲ್ಲಿಗೆಯ ಹಾಡನ್ನು ಒಂದಕ್ಷರ ತಪ್ಪದೆ ಹಾಡಿದೆ. ತಲೆ ಆಡಿಸಿದಳು. ಧಾರೆ ಮುಗಿದು, ಮೊದಲ ಪಂಕ್ತಿ ಎದ್ದ ಮೇಲೆ, ಜಮಖಾನೆಯ ಮೇಲೆ ಎದುರುಬದುರು ಕೂತೆವು. ಅವಳೊಂದು, ನಾನೊಂದು. ಅವಳು ನಮ್ಮ ಪಾಯಸ ನೀರು ಎಂದಳು, ನಾನು ಅವರ ಗಂಡಿನ ಮೀಸೆ ಇರುವೆ ಸಾಲು ಎಂದೆ. ಅವಳು ಕನ್ನಡದಲ್ಲಿ ಮುಗಿದರೆ ತೆಲುಗಿಗೆ ಹೋಗುತ್ತಿದ್ದಳು. ಜನ ಊಟ ಬಿಟ್ಟು ಬಂದು ನಿಂತರು. ಅಕ್ಕ ನನ್ನ ಬೆನ್ನ ಹಿಂದೆ ಕುರ್ಚಿಯಲ್ಲಿ ಕೂತು, ಪ್ರತಿ ಹಾಡಿಗೂ ಬೆರಳು ಮಡಚುತ್ತಿದ್ದಳು.

ನಲವತ್ತೊಂದೂ ಮುಗಿದವು. ಲಕ್ಷ್ಮೀದೇವಮ್ಮನದು ಮುಗಿದಿರಲಿಲ್ಲ. ಇನ್ನೊಂದು ಹಾಡಿ ನಿಲ್ಲಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಏಮಮ್ಮಾ, ಅಯಿಪೋಯಿಂದಾ? ಮುಗೀತಾ ನಿಮ್ಮ ಸರಕು? ಎಲೆ ಎತ್ತೋರು ಬರ್ಲಿ."

ಹಿಂದೆ ಅಕ್ಕನ ಕುರ್ಚಿ ಕಿರುಗುಟ್ಟಿತು. ಅವಳು ಏಳುತ್ತಿದ್ದಳು. ನನ್ನ ಬಾಯಿ ತಾನಾಗಿ ತೆರೆಯಿತು.

ಊಜಿಮಲ್ಲಿಗೆ ಮುಡಿದು ಹೀರೆ ನೆರಿಗೆ ಹಿಡಿದು
ಉಣ್ಣಕೆ ಕೈಯ ಚಾಚ್ಯಾಳೆ ಬೀಗಿತ್ತಿ

ಮೊದಲು ನಮ್ಮ ಶೆಡ್ಡಿನಿಂದ ಬಂದಿದ್ದ ರತ್ನಮ್ಮ ಕಿರುಚಿದಳು. ಆಮೇಲೆ ಇಡೀ ಛತ್ರ. ಹುಳ ಸಾಕದವರು ಆ ಛತ್ರದಲ್ಲಿ ಎಷ್ಟು ಜನ ಇದ್ದರು? ಊಜಿ ಎಲ್ಲರಿಗೂ ಗೊತ್ತು. ಗಂಡಿನ ಕಡೆಯವರೇ ಹೊಟ್ಟೆ ಹಿಡಿದುಕೊಂಡರು.

"ಇದು ಮೋಸ! ಬೆಳಿಗ್ಗೆ ಬಾಗಿಲಲ್ಲಿ ಹಾಡಿದ್ದೇ ಇದು!" ಎಂದಳು ಲಕ್ಷ್ಮೀದೇವಮ್ಮ.

"ಬೆಳಿಗ್ಗೆ ಹಾಡಿದ್ರಲ್ಲಿ ಊಜಿ ಇತ್ತೇನವ್ವಾ? ಹೀರೆಕಾಯಿ ಇತ್ತಾ?" ಎಂದೆ. "ಬೇರೆ ಹೂವು, ಬೇರೆ ಬಟ್ಟೆ, ಬೇರೆ ಕೆಲಸ. ಬೇರೆ ಹಾಡು. ಇನ್ನೂ ನಲವತ್ತಿದೆ ಇಂಥವು, ಹಾಡ್ಲಾ?"

ಅವಳು ನನ್ನನ್ನು ನೋಡಿದಳು. ಬೈಯಲು ಬಾಯಿ ತೆರೆದು, ತನ್ನ ತಲೆಯ ಹೂವನ್ನು ಮುಟ್ಟಿ ನೋಡಿಕೊಂಡಳು. ಅಲ್ಲಿಗೆ ಅವಳಿಗೂ ನಗು ತಡೆಯಲಿಲ್ಲ. ನಗುತ್ತಾ ನಗುತ್ತಾ ಪಕ್ಕಕ್ಕೆ ಒರಗಿದಳು. ನಗುವವಳು ಹಾಡುವುದು ಹೇಗೆ? ಎರಡು ಸಲ ಶುರು ಮಾಡಿದಳು, ಎರಡು ಸಲವೂ "ಹೀರೆ" ಎಂದು ಬಿಟ್ಟು ಮತ್ತೆ ನಕ್ಕಳು. ಕೊನೆಗೆ ಕೈ ಮುಗಿದು, "ಎಲೆ ಎಲ್ಲಿದೆ ತೋರ್ಸಮ್ಮ" ಎಂದಳು.

ನಮ್ಮ ಪಂಕ್ತಿಯ ಊಟ ಮುಗಿದ ಮೇಲೆ ಎಲೆಗಳನ್ನು ಒಂದೊಂದಾಗಿ ಮಡಚಿ ಎತ್ತಿದಳು. ಅಕ್ಕ ತಾನು ಉಂಡ ಎಲೆಯ ಮುಂದೆ ಕಾಲು ಚಾಚಿಕೊಂಡು ಕೂತು, ಅವಳು ಬರುವವರೆಗೂ ಏಳಲಿಲ್ಲ. ನಾನು ಸಹಾಯಕ್ಕೆ ಹೋಗಲಿಲ್ಲ. ಗೆದ್ದಿದ್ದೆವು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಶಿಡ್ಲಘಟ್ಟಕ್ಕೆ ಬಂದೆ. ಅಫ್ಸರ್ ಬಂದು ಶಟರ್ ಎತ್ತುವವರೆಗೆ ಅವನ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆ.

"ಕಾರ್ಡಿನಲ್ಲಿ ಚೂರು ಜಾಗ ಇದೆ ಅಂದಿದ್ಯಲ್ಲ" ಎಂದೆ. "ಮೊದಲನೇ ಹಾಡನ್ನ ಅಲ್ಲಿಗೆ ಇನ್ನೊಂದು ಸಲ ಹಾಕು. ಮೂವತ್ತೆರಡಕ್ಕೆ."

"ಅಮ್ಮಾ, ಅದು ಕೆಟ್ಟಿರೋದು!"

"ಗೊತ್ತು. ಅದನ್ನೇ ಹಾಕು."

ಹಾಕಿದ. ವೈರನ್ನು ಕಿವಿಗೆ ಸಿಕ್ಕಿಸಿಕೊಂಡು ಶೆಡ್ಡಿಗೆ ಹೋಗಿ ಗೂಡು ಬೇಯಲು ಹಾಕಿದೆ.